ಅಗ್ಗದ ದೀಪವೂ ಮಿತವ್ಯಯಧರ್ಮವೂ

ಮನುಷ್ಯನಲ್ಲಿ ಕಾಣಬರುವ ಸದ್ಗುಣಗಳನ್ನು ವಿಚಾರಿಸಿ ನೋಡಿದರೆ ಅವು ಎರಡು ಬಗೆಯಾಗಿರುವುದು ತಿಳಿದುಬರುತ್ತದೆ. ಕೆಲವು ವಿವೇಕದಿಂದ ಹುಟ್ಟಿದವು. ಕೆಲವು ಅಭಾವದಿಂದ ಹುಟ್ಟಿದವು. ಉಣ್ಣಲು ಇಲ್ಲದವನು ಉಣ್ಣದೆ ಮಲಗಿದರೆ ಅದನ್ನು ವ್ರತವೆಂದು ಯಾರೂ ಕರೆಯರು. ಉಣ್ಣಲು ಇದ್ದೂ ಒಂದು ಹೊತ್ತು ಬಿಟ್ಟವನದನ್ನು ವ್ರತವೆನ್ನುವರು. ಹೊರಗಿನಿಂದ ನೋಡುವವರಿಗೆ ಇಬ್ಬರ ಎಲೆಯೂ ಬರಿದಾಗಿಯೇ ಕಾಣುತ್ತದೆ. ಪದಾರ್ಥವು ದುರ್ಲಭವಾಗಿರುವವರೆಗೆ ಇವೆರಡನ್ನು ಬೇರ್ಪಡಿಸಿ ತಿಳಿಯುವ ಉಪಾಯವಿಲ್ಲ. ಅದು ಸುಲಭವಾಗಿ ಕೈಗೆ ಬಂದ ದಿನವೇ ಗುಣವು ಒರೆಗಲ್ಲಿಗೆ ಹತ್ತುತ್ತದೆ. ಅಲ್ಲಿಯವರೆಗೆ ಮಿತವ್ಯಯವೆಂದು ಹೊಗಳಿಸಿಕೊಂಡದ್ದು ನಿಜವಾಗಿ ಮಿತವ್ಯಯವಾಗಿದ್ದಿತೋ, ಬಡತನದ ಇನ್ನೊಂದು ಹೆಸರಾಗಿದ್ದಿತೋ ಎಂಬುದು ಆಗ ಬಯಲಾಗುತ್ತದೆ.

ಗದಗ ಜಿಲ್ಲೆಯ ಮನೆಮನೆಗಳಿಗೆ ಕಳೆದ ಹತ್ತು ವರುಷಗಳಲ್ಲಿ ಇಂತಹದೊಂದು ಪರೀಕ್ಷೆ ಒದಗಿಬಂದಿದೆ. ಅದು ಎಲ್‌ಇಡಿ ದೀಪದ ರೂಪದಲ್ಲಿ ಬಂದುದರಿಂದ ಪರೀಕ್ಷೆಯೆಂದು ಯಾರಿಗೂ ತೋರಲಿಲ್ಲ. ಗದಗ-ಬೆಟಗೇರಿಯ ಅಂಗಡಿಸಾಲುಗಳಲ್ಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಪೇಟೆಗಳಲ್ಲಿ ಈ ದೀಪವು ಇಂದು ಉಪ್ಪು ಬೆಲ್ಲಗಳಷ್ಟೇ ಸಹಜವಾದ ಸರಕಾಗಿದೆ. ಕೊಳ್ಳುವವರು ಬೆಲೆಯನ್ನು ಕೇಳುವರು, ಎಷ್ಟು ದಿನ ಬಾಳುವುದೆಂದು ಕೇಳುವರು, ಕೊಂಡು ಹೋಗುವರು. ಆದರೆ ಅದರೊಡನೆ ಮನೆಗೆ ಬಂದ ಪ್ರಶ್ನೆಯೊಂದು ಉಳಿದೇ ಇದೆ: ಅಗ್ಗವಾದ ವಸ್ತುವನ್ನು ಮಿತವಾಗಿ ಬಳಸಬೇಕೆಂಬುದು ಧರ್ಮವೋ, ಕಷ್ಟಕಾಲದಿಂದ ಉಳಿದುಬಂದ ಬರಿಯ ಅಭ್ಯಾಸವೋ? ಅಭ್ಯಾಸವಷ್ಟೇ ಆಗಿದ್ದರೆ ಅದನ್ನು ಬಿಟ್ಟವರನ್ನು ಆಕ್ಷೇಪಿಸಲಾಗದು. ಧರ್ಮವೇ ಆಗಿದ್ದರೆ ಅದಕ್ಕೆ ಬೆಲೆಯನ್ನು ಬಿಟ್ಟು ಬೇರೊಂದು ಆಧಾರವನ್ನು ತೋರಿಸಬೇಕಾಗುತ್ತದೆ.

ಪ್ರಶ್ನೆಯನ್ನು ವಿಚಾರಿಸುವ ಮೊದಲು ಬೆಳಕು ಎಷ್ಟು ದುಬಾರಿಯಾದ ಪದಾರ್ಥವಾಗಿದ್ದಿತೆಂಬುದನ್ನು ನೆನೆಯುವುದು ಲೇಸು. ಈ ನಾಡಿನ ಗುಡಿಗಳಲ್ಲಿರುವ ಚಾಲುಕ್ಯರ ಕಾಲದ ಶಾಸನಗಳನ್ನು ಓದಿದವರು, ನಂದಾದೀವಿಗೆಗಾಗಿ ಎಣ್ಣೆಯನ್ನೂ ಗಾಣವನ್ನೂ ಭೂಮಿಯನ್ನೂ ಬಿಟ್ಟುಕೊಟ್ಟ ಸಂಗತಿಯನ್ನು ಮೇಲಿಂದ ಮೇಲೆ ಕಂಡಿರುವರು. ಒಂದು ದೀಪವು ಇರುಳಿಡೀ ಆರದೆ ಉರಿಯಬೇಕಾದರೆ ಅದಕ್ಕೊಂದು ಶಾಶ್ವತವಾದ ಉತ್ಪನ್ನವನ್ನು ಕಲ್ಪಿಸಿ, ಅದನ್ನು ಕೆಡಿಸಿದವರಿಗೆ ಪಾಪವನ್ನು ವಿಧಿಸಿ, ಕಲ್ಲಿನಲ್ಲಿ ಬರೆಯಿಸಬೇಕಾಗಿದ್ದಿತು. ದೇವರ ಮನೆಯ ಸ್ಥಿತಿಯೇ ಹೀಗಿದ್ದ ಮೇಲೆ ಒಕ್ಕಲಿಗನ ಮನೆಯ ಮಾತೇನು? ಹರಳೆಣ್ಣೆಯ ಪಣತಿ, ಆ ಬಳಿಕ ಸೀಮೆಎಣ್ಣೆಯ ಚಿಮಣಿ, ಉಳ್ಳವರಿಗೆ ಕಂದೀಲು, ಮದುವೆ ಮುಂಜಿಗಳಿಗೆ ಬಾಡಿಗೆಯ ಗ್ಯಾಸ್‌ಬತ್ತಿ: ಇಷ್ಟೇ ಬೆಳಕಿನ ಐಶ್ವರ್ಯ. ಒಂದೇ ಚಿಮಣಿಯ ಸುತ್ತ ತಾಯಿಯ ರೊಟ್ಟಿ, ತಂದೆಯ ಲೆಕ್ಕ, ಮಗನ ಪಾಠ ಮೂರೂ ನಡೆಯುತ್ತಿದ್ದುವು. ಬತ್ತಿಯನ್ನು ತಗ್ಗಿಸುವುದನ್ನು ಯಾರೂ ಕಲಿಸಬೇಕಾಗಿರಲಿಲ್ಲ. ಎಣ್ಣೆಯ ಸೀಸೆಯೇ ಕಲಿಸುತ್ತಿದ್ದಿತು. ಆದರೂ ಆ ಕಾಲದವರು ದೀಪವನ್ನು ‘ಆರಿಸು’ ಎಂದು ಬಾಯಿಬಿಟ್ಟು ಹೇಳಲು ಅಳುಕಿ ‘ಶಾಂತ ಮಾಡು’ ಎನ್ನುತ್ತಿದ್ದರೆಂಬುದು ಗಮನಿಸತಕ್ಕ ಮಾತು. ಉಳಿತಾಯಕ್ಕಾಗಿ ದೀಪವನ್ನು ನಂದಿಸುತ್ತಿದ್ದ ಕೈಯೇ ಅದಕ್ಕೆ ಗೌರವವನ್ನೂ ಸಲ್ಲಿಸುತ್ತಿದ್ದಿತು.

ವಿದ್ಯುತ್ತು ಬಂದ ಬಳಿಕ ಸ್ಥಿತಿ ಬದಲಾಯಿತಾದರೂ ಬೆಳಕು ಅಗ್ಗವಾಗಲಿಲ್ಲ. ೧೮೭೯ರಲ್ಲಿ ಎಡಿಸನ್ನನು ಬಳಕೆಗೆ ತಂದ ತಂತಿಯ ಬಲ್ಬು ಬೆಳಕಿನ ಹೆಸರಿನಲ್ಲಿ ಮುಖ್ಯವಾಗಿ ಶಾಖವನ್ನೇ ಕೊಡುವ ಸಾಧನ. ಅದು ನುಂಗುವ ವಿದ್ಯುತ್ತಿನಲ್ಲಿ ಹತ್ತರಲ್ಲೊಂದು ಪಾಲು ಕೂಡ ಬೆಳಕಾಗಿ ಹೊರಬೀಳದು. ಸರಕಾರದ ಭಾಗ್ಯಜ್ಯೋತಿ ಯೋಜನೆಯಿಂದ ಬಡವರ ಗುಡಿಸಲಿಗೆ ಬಂದದ್ದು ಒಂದೇ ಒಂದು ದೀಪದ ಸಂಪರ್ಕ. ಅನಂತರ ಬಂದ ಸಿಎಫ್‌ಎಲ್ ಎಂಬ ಸುರುಳಿದೀಪವು ವಿದ್ಯುತ್ತನ್ನು ಉಳಿಸಿತು. ಆದರೆ ಅದರ ಹೊಟ್ಟೆಯಲ್ಲಿ ಪಾದರಸವಿದ್ದಿತು, ಒಡೆದರೆ ಅದನ್ನು ಎಲ್ಲಿ ಚೆಲ್ಲಬೇಕೆಂಬುದು ಗೃಹಿಣಿಯರಿಗೆ ತಿಳಿಯಲಿಲ್ಲ.

ಎಲ್‌ಇಡಿಯ ಮಾರ್ಗವೇ ಬೇರೆ. ಇಲ್ಲಿ ಕಾಯಿಸಿ ಕೆಂಪಾಗಿಸುವ ತಂತಿಯಿಲ್ಲ. ಅರೆವಾಹಕವೆಂಬ ಜಾತಿಯ ಹರಳಿನಲ್ಲಿ ವಿದ್ಯುತ್ತಿನ ಕಣವು ಮೇಲಿನ ಮೆಟ್ಟಿಲಿನಿಂದ ಕೆಳಗಿನ ಮೆಟ್ಟಿಲಿಗೆ ಇಳಿಯುವಾಗ ಕಳೆದುಕೊಳ್ಳುವ ಶಕ್ತಿಯೇ ಬೆಳಕಾಗಿ ಚಿಮ್ಮುತ್ತದೆ. ಕೆಂಪು ಬೆಳಕನ್ನು ಹೀಗೆ ಪಡೆಯುವುದು ೧೯೬೨ರಷ್ಟು ಹಿಂದೆಯೇ ಸಾಧ್ಯವಾಗಿದ್ದಿತು. ನೀಲಿಯ ಬೆಳಕು ಮಾತ್ರ ಮೂವತ್ತು ವರುಷ ಕೈಗೆ ಸಿಕ್ಕಲಿಲ್ಲ; ನೀಲಿಯಿಲ್ಲದೆ ಮನೆಗೆ ಬೇಕಾದ ಬಿಳಿಯ ಬೆಳಕಿಲ್ಲ. ಜಪಾನಿನಲ್ಲಿ ಹುಟ್ಟಿದ ಇಸಾಮು ಅಕಾಸಾಕಿ, ಹಿರೋಷಿ ಅಮಾನೊ, ಶುಜಿ ನಾಕಾಮುರಾ ಎಂಬ ಮೂವರು ಗ್ಯಾಲಿಯಂ ನೈಟ್ರೈಡ್ ಎಂಬ ಹರಳನ್ನು ಪಟ್ಟುಹಿಡಿದು ಸಾಧಿಸಿ ೧೯೯೦ರ ದಶಕದ ಮೊದಲಲ್ಲಿ ಅದನ್ನು ತೋರಿಸಿಕೊಟ್ಟರು. ಆ ನೀಲಿಯ ಒಂದು ಪಾಲನ್ನು ಹಳದಿಯ ಲೇಪವೊಂದರಿಂದ ಹಳದಿ ಬೆಳಕಾಗಿ ಮಾರ್ಪಡಿಸಿದರೆ ಎರಡೂ ಕೂಡಿ ಕಣ್ಣಿಗೆ ಬಿಳಿಯಾಗಿ ತೋರುತ್ತವೆ. ೨೦೧೪ರಲ್ಲಿ ಈ ಮೂವರಿಗೆ ಭೌತಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಇದರ ಫಲವಾಗಿ ಅರವತ್ತು ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು ಒಂಬತ್ತು ವ್ಯಾಟಿನ ಹೊಸ ದೀಪವು ಕಡಿಮೆಯಿಲ್ಲದೆ ಕೊಡುತ್ತದೆ. ದಿನಕ್ಕೆ ಐದು ತಾಸು ಉರಿದರೆ ಹಳೆಯದು ವರುಷಕ್ಕೆ ೧೧೦ ಯೂನಿಟ್ಟನ್ನು ತಿನ್ನುತ್ತಿದ್ದಿತು. ಹೊಸದಕ್ಕೆ ಹದಿನಾರೂವರೆ ಯೂನಿಟ್ಟು ಸಾಕು.

ಆದರೆ ಜಾಣ್ಮೆಯಿಂದ ಹುಟ್ಟಿದ ವಸ್ತುವೆಲ್ಲ ಬಡವನ ಮನೆಗೆ ತಾನಾಗಿ ನಡೆದು ಬಾರದು. ೨೦೧೪ರಲ್ಲಿ ಈ ದೀಪದ ಬೆಲೆ ಮೂರು ನೂರು ರೂಪಾಯಿಯ ಮೇಲಿದ್ದಿತು. ಕೂಲಿಯವನಿಗೆ ಅದು ಒಂದು ದಿನದ ದುಡಿಮೆ. ೨೦೧೫ರ ಜನವರಿ ೫ರಂದು ಕೇಂದ್ರ ಸರಕಾರದ ಯೋಜನೆಯೊಂದು ಮೊದಲಾಯಿತು. ಮುಂದೆ ಅದಕ್ಕೆ ‘ಉಜಾಲಾ’ ಎಂದು ಹೆಸರಾಯಿತು. ಅದೇ ವರುಷದ ಕೊನೆಗೆ ಕರ್ನಾಟಕದಲ್ಲಿ ಅದು ‘ಹೊಸ ಬೆಳಕು’ ಎಂಬ ಹೆಸರಿನಿಂದ ಬಂದಿತು. ಗ್ರಾಹಕರು ನೂರು ರೂಪಾಯಿಗೊಂದರಂತೆ ದೀಪಗಳನ್ನು ಕೊಂಡರು. ಇಲ್ಲಿ ಬೆಲೆಯನ್ನು ಇಳಿಸಿದ್ದು ಸಹಾಯಧನವಲ್ಲ. ಕೋಟಿಗಟ್ಟಲೆ ಮನೆಗಳ ಬೇಡಿಕೆಯನ್ನು ಒಟ್ಟುಗೂಡಿಸಿ ಒಂದೇ ಕೊಳ್ಳುವವನಂತೆ ತಯಾರಕರ ಮುಂದೆ ನಿಂತುದರಿಂದ, ಯೋಜನೆಯವರು ತಯಾರಕರಿಗೆ ಕೊಡುತ್ತಿದ್ದ ಬೆಲೆ ೩೧೦ ರೂಪಾಯಿಯಿಂದ ೨೦೧೬ರ ವೇಳೆಗೆ ೩೮ ರೂಪಾಯಿಗೆ ಕುಸಿಯಿತು. ೨೦೨೨ರ ಜನವರಿಯ ಹೊತ್ತಿಗೆ ಮೂವತ್ತಾರು ಕೋಟಿಗೂ ಮಿಕ್ಕಿ ದೀಪಗಳು ಹಂಚಿಹೋಗಿದ್ದುವು.

ಗದಗ ಜಿಲ್ಲೆಯವರಿಗೆ ಈ ಉಪಾಯವು ಹೊಸದಾಗಿ ತೋರಬೇಕಾಗಿಲ್ಲ. ೧೯೦೫ರಲ್ಲಿ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊತ್ತಮೊದಲಿನ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದಾಗ ನಂಬಿದ ತತ್ತ್ವವೂ ಇದೇ: ಒಬ್ಬೊಬ್ಬನಾಗಿ ಸಾಹುಕಾರನ ಬಾಗಿಲಿಗೆ ಹೋದರೆ ಬಡ್ಡಿಯನ್ನು ಗೊತ್ತುಮಾಡುವವನು ಸಾಹುಕಾರ, ಹತ್ತು ಜನ ಕೂಡಿದರೆ ಗೊತ್ತುಮಾಡುವವರು ತಾವು. ಹೀಗಿರಲು ಈ ದೀಪವು ಅಗ್ಗವಾದದ್ದು ಯಾರೊಬ್ಬನ ಭಾಗ್ಯದಿಂದಲೂ ಅಲ್ಲ, ಎಲ್ಲರೂ ಕೂಡಿದ್ದರಿಂದ. ಮುಂದಿನ ವಿಚಾರಕ್ಕೆ ಈ ಮಾತು ಆಧಾರವಾಗಿದೆ.

ಈಗ ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮುಂದಿಡುವುದು ನ್ಯಾಯ. ಮಿತವ್ಯಯವು ಅಭ್ಯಾಸಮಾತ್ರವೆನ್ನುವವರು ಮೂರು ಕಾರಣಗಳನ್ನು ಹೇಳುವರು. ಮೊದಲನೆಯದು, ಈ ದೀಪವು ತಿನ್ನುವುದೇ ಅತ್ಯಲ್ಪ. ಇದನ್ನು ಆರಿಸಲೆಂದು ಎದ್ದು ಹೋಗುವ ಶ್ರಮವೇ ಉಳಿತಾಯಕ್ಕಿಂತ ದೊಡ್ಡದು. ಎರಡನೆಯದು, ೨೦೨೩ರಲ್ಲಿ ಮೊದಲಾದ ಗೃಹಜ್ಯೋತಿ ಯೋಜನೆಯ ಪ್ರಕಾರ ೨೦೨೨-೨೩ರ ಸರಾಸರಿಯ ಮೇಲೆ ಒಂದಿಷ್ಟನ್ನು ಸೇರಿಸಿ, ಇನ್ನೂರು ಯೂನಿಟ್ಟು ಮೀರದಂತೆ ಗೊತ್ತುಮಾಡಿದಷ್ಟು ವಿದ್ಯುತ್ತು ಮನೆಗೆ ಉಚಿತ. ಬಿಲ್ಲೇ ಇಲ್ಲದವನು ದೀಪವನ್ನು ಆರಿಸಿದರೆ ಲಾಭವಾರಿಗೆ, ಉರಿಸಿದರೆ ನಷ್ಟವಾರಿಗೆ? ಮೂರನೆಯದು ಎಲ್ಲಕ್ಕಿಂತ ಬಲವಾದುದು. ಬೆಳಕು ಒಳ್ಳೆಯದು, ಕತ್ತಲೆ ಅದರ ಅಭಾವ. ಒಳ್ಳೆಯದು ಹೆಚ್ಚಿದಷ್ಟೂ ಒಳ್ಳೆಯದೇ. ಶತಮಾನಗಳಿಂದ ಕತ್ತಲಲ್ಲಿ ಕುಳಿತ ಜನರು ಇಂದು ಅಂಗಳದಲ್ಲಿ, ಹಿತ್ತಲಲ್ಲಿ, ಮಾಡಿನ ಮೇಲೆ ದೀಪ ಹಾಕಿಕೊಂಡು ಸಂತೋಷಪಟ್ಟರೆ ಅದನ್ನು ಅಧರ್ಮವೆನ್ನುವುದು ಹೊಟ್ಟೆತುಂಬಿದವರ ಹೊಟ್ಟೆಕಿಚ್ಚಲ್ಲವೇ?

ಮೊದಲನೆಯ ಕಾರಣಕ್ಕೆ ಸಾಮಾನ್ಯವಾದ ಲೆಕ್ಕವೇ ಉತ್ತರ ಕೊಡುತ್ತದೆ. ಹಿಂದೆ ಅರವತ್ತು ವ್ಯಾಟಿನ ಎರಡು ಬಲ್ಬುಗಳನ್ನು ದಿನಕ್ಕೆ ಐದು ತಾಸು ಉರಿಸುತ್ತಿದ್ದ ಮನೆಯನ್ನು ತೆಗೆದುಕೊಳ್ಳಬಹುದು. ಆಗ ವರುಷಕ್ಕೆ ೨೧೯ ಯೂನಿಟ್ಟು ಖರ್ಚಾಗುತ್ತಿದ್ದಿತು. ಅವುಗಳ ಬದಲು ಒಂಬತ್ತು ವ್ಯಾಟಿನ ಎರಡು ದೀಪಗಳನ್ನು ಹಾಕಿದೊಡನೆ ಅದು ೩೩ಕ್ಕೆ ಇಳಿಯಿತು. ಈ ಉಳಿತಾಯವನ್ನು ಕಂಡ ಯಜಮಾನನು ‘ಇದೇನು ತಿನ್ನುತ್ತದೆ’ ಎಂದು ಕಟ್ಟೆಗೊಂದು, ಹಿತ್ತಲಿಗೊಂದು, ಮಾಳಿಗೆಗೊಂದು, ಬಾಗಿಲ ಎಡಬಲಗಳಿಗೆ ಒಂದೊಂದು, ಹೀಗೆ ಐದು ದೀಪಗಳನ್ನು ಹೊಸದಾಗಿ ಹಾಕಿಸಿ ಹನ್ನೆರಡು ತಾಸು ಉರಿಯಬಿಟ್ಟನೆಂದರೆ ಅವುಗಳದೇ ೧೯೭ ಯೂನಿಟ್ಟಾಯಿತು. ಒಟ್ಟು ೨೩೦! ಅಲ್ಪವೆಂಬ ಮಾತು ಒಂದು ದೀಪದ ಮಟ್ಟಿಗೆ ನಿಜ. ಅಲ್ಪವೆಂಬ ಭಾವನೆಯೇ ಅದನ್ನು ಬಹಳವಾಗಿಸುವುದೂ ಅಷ್ಟೇ ನಿಜ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಜೆವನ್ಸನು ೧೮೬೫ರಲ್ಲಿ ಕಲ್ಲಿದ್ದಲಿನ ವಿಷಯವಾಗಿ ಬರೆದ ಗ್ರಂಥದಲ್ಲಿ ಇದನ್ನೇ ತೋರಿಸಿದನು. ಉಗಿಯಂತ್ರವು ಸುಧಾರಿಸಿ ಕಡಿಮೆ ಇದ್ದಲಿನಿಂದ ಹೆಚ್ಚು ಕೆಲಸ ಮಾಡತೊಡಗಿದಾಗ ದೇಶದ ಇದ್ದಲಿನ ಖರ್ಚು ತಗ್ಗಲಿಲ್ಲ, ಏರಿತು. ಏಕೆಂದರೆ ಅಗ್ಗವಾದ ಯಂತ್ರವು ಎಲ್ಲ ಕಡೆಗೂ ಹಬ್ಬಿತು. ಈಚೆಗೆ ಉಪಗ್ರಹದ ಮೂಲಕ ಇರುಳಿನ ಭೂಮಿಯನ್ನು ಅಳೆದ ವಿಜ್ಞಾನಿಗಳು, ಕೃತಕ ಬೆಳಕು ಬಿದ್ದ ಪ್ರದೇಶವು ೨೦೧೨ರಿಂದ ೨೦೧೬ರವರೆಗೆ ಪ್ರತಿವರುಷ ನೂರಕ್ಕೆ ಎರಡರ ಮೇಲೆ ಹೆಚ್ಚುತ್ತ ಹೋಯಿತೆಂದು ಕಂಡರು. ಎಲ್‌ಇಡಿ ದೀಪವು ಲೋಕದಲ್ಲೆಲ್ಲ ಹರಡುತ್ತಿದ್ದ ಕಾಲವೇ ಅದು.

ಇದರಿಂದ ಎಲ್‌ಇಡಿಯು ವ್ಯರ್ಥವೆಂದು ತೀರ್ಮಾನಿಸಲಾಗದು. ಹಂಚಿದ ದೀಪಗಳಿಂದ ವರುಷಕ್ಕೆ ಸುಮಾರು ೪,೭೭೮ ಕೋಟಿ ಯೂನಿಟ್ಟು ಉಳಿಯುವುದೆಂದು ಸರಕಾರವು ಲೆಕ್ಕಹಾಕಿರುತ್ತದೆ. ಆದರೆ ಈ ಬಗೆಯ ಲೆಕ್ಕವೆಲ್ಲ ಹಳೆಯ ದೀಪದ ಜಾಗದಲ್ಲಿ ಹೊಸ ದೀಪವು ಬಂದು, ಮನೆಯವರ ನಡತೆಯು ಮೊದಲಿನಂತೆಯೇ ಉಳಿಯುವುದೆಂಬ ನಂಬಿಕೆಯ ಮೇಲೆ ನಿಂತದ್ದು. ವಿಜ್ಞಾನವು ಉಳಿತಾಯದ ಶಕ್ತಿಯನ್ನು ಕೊಟ್ಟಿತು; ಉಳಿಸುವ ಬುದ್ಧಿಯನ್ನು ಹರಳಿನೊಳಗಿಟ್ಟು ಮಾರಲು ಅದಕ್ಕೆ ಬಾರದು.

ಎರಡನೆಯ ಕಾರಣವು ಉಚಿತವೆಂಬ ಶಬ್ದದ ಅರ್ಥವನ್ನು ಅವಲಂಬಿಸಿದೆ. ಬಿಲ್ಲಿನಲ್ಲಿ ಸೊನ್ನೆಯೆಂದು ಬಂದರೆ ಮನೆಯವನು ಹಣ ಕೊಡಲಿಲ್ಲವೆಂದಷ್ಟೇ ಅರ್ಥ, ಯಾರೂ ಕೊಡಲಿಲ್ಲವೆಂದಲ್ಲ. ತಂತಿಯಲ್ಲಿ ಬರುವ ವಿದ್ಯುತ್ತಿಗೆ ತಾಯಿತಂದೆಗಳಿದ್ದಾರೆ. ರಾಯಚೂರಿನ ಶಕ್ತಿನಗರದಲ್ಲಿ ಉರಿಯುವ ಕಲ್ಲಿದ್ದಲು ಎಲ್ಲಿಯೋ ನೆಲವನ್ನು ಬಗಿದು ತಂದದ್ದು. ಅದರ ಹೊಗೆ ಬೂದಿಗಳಲ್ಲಿ ಬದುಕುವವರೂ ಮನುಷ್ಯರೇ. ಶರಾವತಿಯ ನೀರಿನಿಂದ ಬರುವ ವಿದ್ಯುತ್ತಿಗಾಗಿ ಮನೆಮಠ ಮುಳುಗಿಸಿಕೊಂಡವರು ಮಲೆನಾಡಿನವರು. ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಗಾಳಿಯಂತ್ರಗಳಿಗೆ ಇದ್ದಲು ಬೇಡ, ಹೊಗೆಯಿಲ್ಲ. ಆದರೂ ಅವುಗಳನ್ನು ನಿಲ್ಲಿಸಲು ಔಷಧಿಗಿಡಗಳಿಗೆ ಹೆಸರಾದ ಗುಡ್ಡದ ನೆತ್ತಿಯಲ್ಲಿ ದಾರಿ ಕಡಿಯಬೇಕಾಯಿತು. ಅದೇ ಗುಡ್ಡವನ್ನು ಉಳಿಸಬೇಕೆಂದು ಜನರೂ ಮಠಾಧೀಶರೂ ಹೋರಾಡಿದ ಬಳಿಕ ೨೦೧೯ರಲ್ಲಿ ಅದು ವನ್ಯಜೀವಿಧಾಮವಾಯಿತು. ಇನ್ನು ವಿದ್ಯುತ್ತನ್ನು ಬೇಡುವ ಕೈಗಳಾದರೂ ಎಷ್ಟು! ಮುಂಡರಗಿ ತಾಲೂಕಿನ ಹಮ್ಮಿಗಿಯಲ್ಲಿ ತುಂಗಭದ್ರೆಯ ನೀರನ್ನು ಮೇಲೆತ್ತಿ ಒಣಭೂಮಿಗೆ ಹಾಯಿಸುವ ಸಿಂಗಟಾಲೂರ ಏತನೀರಾವರಿಗೆ ಬೇಕಾದದ್ದು ಇದೇ ವಿದ್ಯುತ್ತು; ಬೆಟಗೇರಿಯ ಮಗ್ಗಗಳಿಗೆ, ಗದಗಿನ ಮುದ್ರಣಾಲಯಗಳಿಗೆ, ಆಸ್ಪತ್ರೆಗಳಿಗೆ ಬೇಕಾದದ್ದೂ ಇದೇ. ಅನ್ನಛತ್ರದಲ್ಲಿ ಉಂಡವನು ಎಲೆಯಲ್ಲಿ ಬಿಟ್ಟರೆ ಅವನ ಗಂಟೇನೂ ಹೋಗದು. ಆದರೂ ಎಲೆಯಲ್ಲಿ ಬಿಡುವುದನ್ನು ಈ ನಾಡಿನ ಹಿರಿಯರು ಅನ್ನಕ್ಕೆ ಮಾಡಿದ ಅಪಚಾರವೆಂದೇ ಎಣಿಸಿದರು. ಕೊಂಡ ಅನ್ನಕ್ಕಿಂತ ಕೊಟ್ಟ ಅನ್ನದ ಮೇಲೆ ಉಣ್ಣುವವನ ಹೊಣೆ ಹೆಚ್ಚು. ಕೊಂಡದ್ದರಲ್ಲಿ ಅವನು ತನ್ನ ಹಣಕ್ಕೆ ತಾನೇ ಒಡೆಯನು. ಕೊಟ್ಟದ್ದರಲ್ಲಿ ಎಲ್ಲರ ಪಾಲೂ ಇರುತ್ತದೆ. ಬಿಲ್ಲಿನ ಅಂಜಿಕೆಯಿಂದ ದೀಪವನ್ನಾರಿಸುತ್ತಿದ್ದವನು ವ್ಯವಹಾರಜ್ಞನು. ಬಿಲ್ಲಿಲ್ಲದೆಯೂ ಆರಿಸುವವನು ಧರ್ಮಜ್ಞನು.

ಮೂರನೆಯ ಕಾರಣವನ್ನು ವಿಚಾರಿಸುವಲ್ಲಿ ಶಾಸ್ತ್ರಕಾರರ ಹಳೆಯ ವಾದವೊಂದು ಸಹಾಯಕ್ಕೆ ಬರುತ್ತದೆ. ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿಗೆ ದ್ರವ್ಯಗಳು ಒಂಬತ್ತೇ ಎಂದು ಪಾಠವಾಗುವಾಗಲೇ, ಕತ್ತಲೆಯನ್ನು ಹತ್ತನೆಯ ದ್ರವ್ಯವೆಂದೇಕೆ ಎಣಿಸಬಾರದೆಂಬ ಶಂಕೆಯು ಎದುರಾಗುತ್ತದೆ. ಭಾಟ್ಟಮೀಮಾಂಸಕರು ಅದಕ್ಕೆ ಕಪ್ಪಿನ ಬಣ್ಣವಿದೆ, ಚಲನೆಯಿದೆ, ಆದಕಾರಣ ಅದು ದ್ರವ್ಯವೇ ಎನ್ನುವರು. ನೈಯಾಯಿಕರು ಒಪ್ಪರು; ದೀಪವು ಸರಿದಾಗ ಕತ್ತಲೆಯು ಚಲಿಸಿದಂತೆ ತೋರುವುದು ಭ್ರಾಂತಿ, ಕತ್ತಲೆಯೆಂದರೆ ತೇಜಸ್ಸಿನ ಅಭಾವವೇ ಹೊರತು ಬೇರೇನೂ ಅಲ್ಲ ಎನ್ನುವರು. ಪದಾರ್ಥವಿಚಾರದಲ್ಲಿ ನೈಯಾಯಿಕರೇ ಗೆದ್ದರೆಂದು ಹೇಳಬಹುದು. ಭೌತಶಾಸ್ತ್ರವೂ ಅವರ ಪಕ್ಷದಲ್ಲಿಯೇ ಇದೆ. ಆದರೆ ಅಭಾವವಾದ ಮಾತ್ರಕ್ಕೆ ಅದು ನಿಷ್ಪ್ರಯೋಜಕವೆಂದಾಗದು. ಮೌನವು ಶಬ್ದದ ಅಭಾವ, ಅದಿಲ್ಲದೆ ಸಂಗೀತವಿಲ್ಲ. ಬಿಡುವು ಕೆಲಸದ ಅಭಾವ, ಅದಿಲ್ಲದೆ ಕೆಲಸವಿಲ್ಲ. ಕತ್ತಲೆಯೂ ಜೀವರಾಶಿಗೆ ಬೇಕಾದ ಒಂದು ಅಭಾವ.

ಇದಕ್ಕೆ ಸಾಕ್ಷಿಯನ್ನು ದೂರದಿಂದ ತರಬೇಕಾಗಿಲ್ಲ. ಶಿರಹಟ್ಟಿ ತಾಲೂಕಿನ ಮಾಗಡಿಯ ಕೆರೆಗೆ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಸಾವಿರಾರು ಪಟ್ಟೆತಲೆಯ ಬಾತುಗಳು ಬರುವುವು. ೨೦೨೪ರಲ್ಲಿ ಆ ಕೆರೆಯು ರಾಮ್ಸಾರ್ ಪಟ್ಟಿಯಲ್ಲಿ ಸೇರಿ ಲೋಕಪ್ರಸಿದ್ಧವಾಯಿತು. ಹಗಲು ನೀರಿನಲ್ಲಿ ವಿಶ್ರಮಿಸುವ ಈ ಹಕ್ಕಿಗಳು ಕತ್ತಲಾದ ಬಳಿಕ ಸುತ್ತಲಿನ ಹೊಲಗಳಿಗೆ ಮೇವಿಗಾಗಿ ಹಾರುವುವು. ಅವುಗಳಿಗೆ ಇರುಳೇ ಊಟದ ಹೊತ್ತು. ಹೊಲದ ಬೆಳೆಗೆ ಪರಾಗವನ್ನೊಯ್ಯುವ ಪತಂಗಗಳು ಬೀದಿಯ ದೀಪವನ್ನು ಸುತ್ತಿ ಸುತ್ತಿ ಸಾಯುವುದನ್ನು ಯಾರು ಬೇಕಾದರೂ ನೋಡಬಹುದು. ಮನುಷ್ಯನ ದೇಹವೂ ಇದಕ್ಕೆ ಹೊರತಲ್ಲ. ಬಿಳಿಯ ಎಲ್‌ಇಡಿಯಲ್ಲಿ ನೀಲಿಯ ಅಂಶವು ಹೆಚ್ಚಾಗಿರುವುದರಿಂದ ಅದು ನಿದ್ದೆಯನ್ನು ತರುವ ದೇಹರಸವನ್ನು ತಡೆಯುವುದೆಂದು ವೈದ್ಯರು ಹೇಳುವರು. ಮಲಗುವ ಕೋಣೆಗೆ ಹಳದಿಯ ಮಂದ ದೀಪವನ್ನೇ ಆರಿಸಿಕೊಂಡ ಗೃಹಿಣಿಯು, ಚಿಮಣಿಯ ಬತ್ತಿಯನ್ನು ತಗ್ಗಿಸುತ್ತಿದ್ದ ಅತ್ತೆಯಂದಿರ ಬುದ್ಧಿಯನ್ನು ಶಾಸ್ತ್ರೀಯವಾಗಿ ಸಮರ್ಥಿಸಿದಂತಾಯಿತು.

ಬೆಳಕು ಹೆಚ್ಚಿದರೆ ವಿದ್ಯೆಯು ಹೆಚ್ಚುವುದೆಂಬ ಮಾತೂ ಒಂದು ಮೇರೆಯವರೆಗೆ ಮಾತ್ರ ಸತ್ಯ. ಹೊಗೆಯ ಚಿಮಣಿಯಲ್ಲಿ ಕಣ್ಣುಕಿರಿದು ಮಾಡಿ ಓದುತ್ತಿದ್ದ ಹುಡುಗಿಗೆ ಒಂದು ಸ್ವಚ್ಛವಾದ ದೀಪವು ದೊರೆತರೆ ಅದು ಸರಸ್ವತಿಯ ಅನುಗ್ರಹವೇ ಸರಿ. ಎರಡನೆಯ ದೀಪದಿಂದ ಅವಳ ಅಕ್ಷರವು ಇಮ್ಮಡಿಯಾಗದು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೂ ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳಿಗೂ ಹೊರಗಿನ ಬೆಳಕು ಕಾಣುತ್ತಿರಲಿಲ್ಲ. ಅವರಿಂದ ವಿದ್ಯೆಯನ್ನು ಪಡೆದು ಬದುಕನ್ನು ಕಟ್ಟಿಕೊಂಡ ಅಂಧ ಮಕ್ಕಳ ಸಂಖ್ಯೆಯನ್ನು ನೆನೆದರೆ, ದೀಪವು ವಿದ್ಯೆಗೆ ಉಪಕರಣವೇ ಹೊರತು ವಿದ್ಯೆಯಲ್ಲವೆಂಬುದು ಮನದಟ್ಟಾಗುತ್ತದೆ. ಉಪಕರಣವಾದುದಕ್ಕೆ ಪ್ರಯೋಜನವೇ ಮೇರೆ.

ಇಲ್ಲಿ ಮಿತವ್ಯಯದ ಪಕ್ಷದವರೂ ಎಚ್ಚರಿಕೆಯಿಂದಿರಬೇಕು. ಪೂರ್ವಪಕ್ಷದವರು ಹೊಟ್ಟೆಕಿಚ್ಚೆಂದು ಆಡಿದ ಮಾತು ಸುಳ್ಳಲ್ಲ. ಮೇಲಿನ ಅಂತಸ್ತಿನಲ್ಲಿ ತಂಪುಯಂತ್ರವನ್ನು ಇಟ್ಟುಕೊಂಡವನು, ತಾಂಡಾದ ಮನೆಯ ಮುಂದೆ ಉರಿಯುವ ಒಂದು ದೀಪವನ್ನು ತೋರಿಸಿ ವಿದ್ಯುತ್ತು ಪೋಲಾಯಿತೆಂದು ನಿಟ್ಟುಸಿರು ಬಿಟ್ಟರೆ ಅದು ಧರ್ಮವಲ್ಲ, ಧರ್ಮದ ವೇಷ. ತಂಪುಯಂತ್ರವು ಒಂದು ತಾಸಿನಲ್ಲಿ ನುಂಗುವ ವಿದ್ಯುತ್ತಿನಲ್ಲಿ ಆ ದೀಪವು ಹಲವು ಇರುಳುಗಳನ್ನು ಕಳೆಯುತ್ತದೆ. ಇರುಳು ಹಿತ್ತಲಿಗೆ ಹೋಗುವ ಹೆಣ್ಣುಮಗಳಿಗೆ, ಹಾವು ಚೇಳುಗಳ ಅಂಜಿಕೆಯಲ್ಲಿ ಹೊಲದ ಮನೆಯಲ್ಲಿ ಮಲಗುವ ಒಕ್ಕಲಿಗನಿಗೆ, ಗೆರೆ ತಪ್ಪದಂತೆ ಎಳೆಗಳನ್ನು ಎಣಿಸುವ ಬೆಟಗೇರಿಯ ನೇಕಾರನಿಗೆ ಬೆಳಕು ಭೋಗವಲ್ಲ, ಅನ್ನದಂತೆ ಅವಶ್ಯಕ. ಮಕ್ಕಳನ್ನು ಮಬ್ಬಿನಲ್ಲಿ ಓದಿಸಿ ನಾಲ್ಕಾಣೆ ಉಳಿಯಿತೆಂದು ಹಿಗ್ಗುವ ತಂದೆಯದು ಲೋಭವೇ ಹೊರತು ಮಿತವ್ಯಯವಲ್ಲ. ಲೋಭಿಯು ಬೇಕಾದಲ್ಲಿಯೂ ಬೆಳಕನ್ನು ಕೊಡನು; ದುಂದುಗಾರನು ಬೇಡವಾದಲ್ಲಿಯೂ ಚೆಲ್ಲುವನು. ಬೇಕು ಬೇಡಗಳನ್ನು ವಿವೇಚಿಸುವವನೇ ಮಿತವ್ಯಯಿ. ಆದುದರಿಂದ ಈ ಧರ್ಮವನ್ನು ಪ್ರತಿಯೊಬ್ಬನೂ ತನ್ನ ಮನೆಯ ಗುಂಡಿಯ ಮೇಲೆ ಆಚರಿಸಬೇಕು. ನೆರೆಮನೆಯ ದೀಪವನ್ನು ಎಣಿಸುವ ಅಧಿಕಾರ ಅದರಲ್ಲಿಲ್ಲ.

ಹಬ್ಬಗಳ ವಿಷಯದಲ್ಲಿಯೂ ಇದೇ ವಿವೇಕವು ಬೇಕು. ಕಾರ್ತಿಕಮಾಸದಲ್ಲಿ ಗುಡಿಗಳಲ್ಲಿ ಸಾಲುದೀಪಗಳು ಉರಿಯುವಾಗ, ಜಾತ್ರೆಯ ಕಾಲಕ್ಕೆ ಮಠಗಳ ಮಹಾದ್ವಾರಗಳು ಬಣ್ಣದ ಬೆಳಕಿನಲ್ಲಿ ತೊಯ್ದಾಗ ಯಾವ ಲೆಕ್ಕವನ್ನೂ ಹಾಕುವುದು ಉಚಿತವಲ್ಲ. ಸಮಾಜವು ಕೂಡಿ ವರುಷಕ್ಕೊಮ್ಮೆ ಪಡುವ ಸಂಭ್ರಮಕ್ಕೆ ಅಷ್ಟು ಬೆಳಕು ಸಲ್ಲುವುದೇ ಸರಿ. ಆದರೆ ವರುಷದ ಪ್ರತಿಯೊಂದು ಇರುಳೂ ಕಾರ್ತಿಕದ ಹುಣ್ಣಿಮೆಯಾದರೆ ಕಾರ್ತಿಕದ ಅತಿಶಯವೆಲ್ಲಿ ಉಳಿಯಿತು? ಅಂಗಡಿಯ ಫಲಕವು ಮಧ್ಯರಾತ್ರಿಯ ಬರಿಯ ಬೀದಿಗೆ ಬಣ್ಣಬಣ್ಣವಾಗಿ ಕಣ್ಣುಮಿಟುಕಿಸುತ್ತಿದ್ದರೆ ಅದರಿಂದ ಹಬ್ಬವಾಗುವುದು ಯಾರಿಗೆ? ನಿತ್ಯವೂ ಉಂಡ ಹೋಳಿಗೆಗೆ ಹಬ್ಬದ ರುಚಿಯಿರದು. ಮಿತಿಯು ಭೋಗಕ್ಕೆ ಶತ್ರುವೆಂದು ತಿಳಿದವರು ಈ ದೃಷ್ಟಿಯಿಂದಲೂ ವಿಚಾರಿಸಿ ನೋಡಬಹುದು.

ಹಾಗಾದರೆ ಸಿದ್ಧಾಂತವೇನು? ಬೆಲೆಯು ಮಿತವ್ಯಯಕ್ಕೆ ಕಾವಲುಗಾರನಾಗಿದ್ದಿತು, ತಂದೆಯಾಗಿರಲಿಲ್ಲ. ಕಾವಲುಗಾರನು ಹೋದ ಮೇಲೆ ಮನೆಯವರೇ ಎಚ್ಚರವಾಗಿರಬೇಕು. ಯೋಗಶಾಸ್ತ್ರವು ಯಮಗಳಲ್ಲಿ ಎಣಿಸಿದ ಅಪರಿಗ್ರಹವು ಇಲ್ಲದವನಿಗೆ ಹೇಳಿದ ಮಾತಲ್ಲ. ಕೈಗೆ ಸಿಕ್ಕುವಂತಿದ್ದೂ ಪ್ರಯೋಜನಕ್ಕೆ ಮೀರಿದ್ದನ್ನು ಹಿಡಿಯದಿರುವವನಿಗೆ ಹೇಳಿದ್ದು. ಆ ದೃಷ್ಟಿಯಿಂದ ನೋಡಿದರೆ ಬೆಳಕಿನ ವಿಷಯದಲ್ಲಿ ಬಡವರ ಮನೆಗಳಿಗೂ ಅಪರಿಗ್ರಹವನ್ನು ಆಚರಿಸುವ ಯೋಗ್ಯತೆಯು ಈಗ ಮೊದಲ ಸಲ ಬಂದಂತಾಗಿದೆ. ಇದು ಸಣ್ಣ ಗೌರವವಲ್ಲ. ಹಿಂದೆ ಕತ್ತಲೆಯು ಅವರ ಮೇಲೆ ಬಂದು ಬಿದ್ದ ವಿಧಿಯಾಗಿದ್ದಿತು. ಇಂದು ಗುಂಡಿಯನ್ನೊತ್ತಿ ತಾವೇ ಅದನ್ನು ಬರಮಾಡಿಕೊಳ್ಳಬಹುದು. ಎಲ್ಲರೂ ಕೂಡಿ ಅಗ್ಗವಾಗಿಸಿದ ದೀಪದಲ್ಲಿ ಉಳಿದ ಬೆಳಕು ಯಾರೊಬ್ಬನ ಸ್ವತ್ತೂ ಅಲ್ಲ. ಅದು ಏತದ ನೀರಾಗಿ, ಮಗ್ಗದ ಸಪ್ಪಳವಾಗಿ, ಗುಡ್ಡದ ಮೇಲೆ ಕಡಿಯದೆ ಉಳಿದ ಗಿಡವಾಗಿ ಇನ್ನೊಬ್ಬರಿಗೆ ಸೇರತಕ್ಕದ್ದು.

ಸಂಸ್ಕೃತದಲ್ಲಿ ದೇಹಲೀದೀಪನ್ಯಾಯವೆಂದು ಒಂದುಂಟು. ಹೊಸ್ತಿಲ ಮೇಲಿಟ್ಟ ದೀಪವು ಒಳಗಿನ ಕೋಣೆಯನ್ನೂ ಹೊರಗಿನ ಅಂಗಳವನ್ನೂ ಒಮ್ಮೆಲೇ ಬೆಳಗುತ್ತದೆ. ಶಾಸ್ತ್ರಜ್ಞರು ಅದನ್ನು ಎರಡು ಕಡೆ ಅನ್ವಯಿಸುವ ಶಬ್ದಕ್ಕೆ ದೃಷ್ಟಾಂತವಾಗಿ ಹೇಳುವರು. ಅದನ್ನು ಗೃಹಸ್ಥರು ಮನೆವಾರ್ತೆಗೂ ಅನ್ವಯಿಸಿಕೊಳ್ಳಬಹುದು. ಹೊಸ್ತಿಲ ಮೇಲೆ ಒಂದು ದೀಪವು ಸಾಕಾಗಿರುವಲ್ಲಿ ಒಳಗೊಂದು ಹೊರಗೊಂದು ಏಕೆಂದು ಕೇಳುವ ಮನೆಯಲ್ಲಿ, ದೀಪದ ಬೆಲೆ ಎಂಟಾಣೆಗೆ ಇಳಿದರೂ ಮಿತವ್ಯಯವು ಅಳಿಯದು. ಆ ಪ್ರಶ್ನೆಯನ್ನು ಕೇಳದ ಮನೆಯಲ್ಲಿ ಹಿಂದೆಯೂ ಅದು ಇದ್ದಿರಲಾರದು. ಎಣ್ಣೆಯ ಸೀಸೆಯು ಬರಿದಾಗಿದ್ದಿತು, ಅಷ್ಟೇ.